ಬೆಂಕಿ ನಿಷೇಧದ ದಿನ

ಊರಿನ ಹೆಸರು ಕ್ರಿಸ್ಟಲ್ ಬ್ರೂಕ್.
ಹೆಸರಿನಲ್ಲಿ ತೊರೆಯಿದೆ, ತೊರೆಯಲ್ಲಿ ಬರೀ ಕಲ್ಲು.
ಬೆಳಿಗ್ಗೆ ಏಳಕ್ಕೇ ರೇಡಿಯೊ ಹೇಳಿಬಿಟ್ಟಿತು:
ಇವತ್ತು ನಲವತ್ಮೂರು ಡಿಗ್ರಿ, ಬಡಗಣ ಗಾಳಿ,
ಬಯಲಲ್ಲಿ ಒಂದು ಕಡ್ಡಿ ಗೀರಿದರೂ ದಂಡ.
ಆಮೇಲೆ, ಅದೇ ದನಿಯಲ್ಲಿ, ಕ್ರಿಸ್‌ಮಸ್ ಶುಭಾಶಯ.

ಗ್ಲೆನಿಸ್ ಅಷ್ಟರಲ್ಲಿ ಟರ್ಕಿಯನ್ನು
ಒಲೆಯೊಳಗೆ ಮಲಗಿಸಿಯಾಗಿತ್ತು.
ತಣ್ಣನೆ ಹ್ಯಾಮು, ಸೀಗಡಿ, ಒಂದಿಷ್ಟು ಸೊಪ್ಪು
ಸಾಲದೇ ಈ ಸೆಖೆಗೆ, ಎಂದು ಪ್ರತಿವರ್ಷ ಕೇಳುತ್ತೇವೆ.
ಅವಳು ಪ್ರತಿವರ್ಷ ಕಿವುಡಿ.
ಮುತ್ತಜ್ಜಿ ಕಾರ್ನ್‌ವಾಲಿನಿಂದ ಹಡಗಿನಲ್ಲಿ ತಂದ ಚಳಿಗಾಲ
ಈ ಮನೆಯ ಅಡುಗೆ ಪುಸ್ತಕದಲ್ಲಿ
ಇನ್ನೂ ಕರಗದೆ ಕೂತಿದೆ.

ಹಿತ್ತಿಲ ತಗಡಿನ ಷೆಡ್ಡಿನಲ್ಲಿ ಊಟದ ಮೇಜು.
ಮೇಜೆಂದರೆ ಎರಡು ಹಳೇ ಬಾಗಿಲು, ಮೂರು ಪೀಪಾಯಿ,
ಮೇಲೆ ಇಸ್ತ್ರಿ ಮಾಡಿದ ಬಿಳೀ ಹಾಸು.
ನುಂಝಿಯೊ ಪೋರ್ಟ್ ಪಿರಿಯಿಂದ ಬಕೆಟ್ಟಿನ ತುಂಬ ನೀಲಿ ಏಡಿ ತಂದ.
ಥುಯ್ ರಾತ್ರಿ ಪಾಳಿ ಮುಗಿಸಿ, ನರ್ಸಿನ ಅಂಗಿಯಲ್ಲೇ,
ಪುದೀನ, ಸೌತೆ, ಗಾಜಿನಂಥ ಅಕ್ಕಿಹಾಳೆಯ ಸುರುಳಿ.
ನಾನು ತಂದದ್ದು ಆಲೂಗಡ್ಡೆ ಸಲಾಡು.
ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ.
ಬ್ರೆಂಟನ್ ಬಂದದ್ದು ಅಗ್ನಿಶಾಮಕದ ಹಳದಿ ಷರಾಯಿಯಲ್ಲಿ,
ಬೂಟುಗಳನ್ನು ಹೊಸಿಲಾಚೆ ಬಿಟ್ಟ,
ಮೂತಿ ಬೀದಿಯ ಕಡೆಗೆ.

ಪಟಾಕಿ ಕಾಗದ ಎಳೆದೆವು, ಟಪ್ಪೆಂದಿತು,
ಒಳಗಿನ ಕಾಗದದ ಕಿರೀಟಗಳು ನಮ್ಮ ತಲೆಗೇರಿ
ಬೆವರಿಗೆ ಬಣ್ಣ ಬಿಟ್ಟು
ಎಲ್ಲರ ಹಣೆಯೂ ಕೆಂಪು, ಹಸಿರು.
ಹುರಿದ ಕುಂಬಳ, ಬೇಕನ್ ಸುತ್ತಿದ ಸಾಸೇಜು,
ಬೆಣ್ಣೆಯಲ್ಲಿ ಮುಳುಗಿದ ಬಟಾಣಿ, ಕ್ರ್ಯಾನ್‌ಬೆರಿ,
ಸುರಿಯುವ ಮೊದಲೇ ಕುದಿಯುತ್ತಿದ್ದಂತಿದ್ದ ಗ್ರೇವಿ.
ಟರ್ಕಿಯ ತೊಡೆ ಲಟಕ್ಕೆಂದು ಮುರಿಯುವ ಹೊತ್ತಿಗೆ
ಪೇಜರ್ ಕೂಗಿತು.

ಬ್ರೆಡ್ಡೊಂದನ್ನು ಬಾಯಲ್ಲಿ ಕಚ್ಚಿಕೊಂಡೇ ಓಡಿದ.
ಕಿರೀಟ ತೆಗೆಯುವುದನ್ನು ಮರೆತಿದ್ದ.

ನಾವು ಉಂಡೆವು. ಉಣ್ಣದೆ ಏನು ಮಾಡುವುದು.
ಗುಡ್ಡದ ಹಿಂದೆ ಹೊಗೆ ಎದ್ದಿತ್ತು,
ನಮ್ಮ ಗ್ರೇವಿಯದೇ ಬಣ್ಣ.
ಗ್ಲೆನಿಸ್ ಅವನ ತಟ್ಟೆಗೆ ಬಡಿಸುತ್ತಲೇ ಹೋದಳು,
ತೊಡೆ, ಎದೆ, ಏಡಿಯ ಕೊಂಬು, ಮತ್ತೆ ತೊಡೆ,
ಮೇಲೊಂದು ತಟ್ಟೆ ಬೋರಲು.
ಪುಡಿಂಗ್? ಅಂದ ನುಂಝಿಯೊ.
ಆರು ವಾರ ಕಾದದ್ದು ಆರು ಗಂಟೆ ಕಾಯಲಾರದೇ, ಅಂದಳು.

ಮಧ್ಯಾಹ್ನವಿಡೀ ಮೊಗಸಾಲೆಯ ತಂಪು ನೆಲದಲ್ಲಿ
ಬಲೆಯಿಂದ ಸುರಿದ ಮೀನಿನ ಹಾಗೆ ಬಿದ್ದಿದ್ದೆವು.
ಹೊರಗೆ ನಲ್ಲಿಯ ಕೆಳಗೆ ಒಂದು ಮ್ಯಾಗ್‌ಪೈ
ಕೊಕ್ಕು ತೆರೆದುಕೊಂಡು ನಿಂತೇ ಇತ್ತು.
ರೇಡಿಯೊ ಊರುಗಳ ಹೆಸರು ಓದುತ್ತಿತ್ತು.
ನಮ್ಮ ಊರು ಬಂದಾಗ ಥುಯ್ ನಿದ್ದೆಯಲ್ಲೇ ನನ್ನ ಕೈ ಹಿಡಿದಳು.

ಒಂಬತ್ತೂವರೆಗೆ ಬಂದ. ಹುಬ್ಬಿನ ತುದಿ ಸುಟ್ಟಿತ್ತು.
ಎರಡು ಕೊಟ್ಟಿಗೆ ಹೋಯಿತು, ಮನೆ ಉಳಿಯಿತು, ಅಂದ.
ಕಿರೀಟವೆಲ್ಲಿ? ಅಂದಳು ಗ್ಲೆನಿಸ್.
ಹೆಲ್ಮೆಟ್ಟಿನೊಳಗೆ ಕೈ ಹಾಕಿ ತೆಗೆದ:
ನೇರಳೆ ಬಣ್ಣದ ಒಂದು ಒದ್ದೆ ಉಂಡೆ.
ಬೋರಲು ತಟ್ಟೆ ಎತ್ತಿಕೊಟ್ಟಳು.
ಅವನು ಉಣ್ಣುವುದನ್ನು ನಾಲ್ಕೂ ಜನ ಕೂತು ನೋಡಿದೆವು,
ಸಿನಿಮಾ ನೋಡುವ ಹಾಗೆ.

ಇನ್ನು ಪುಡಿಂಗು. ಹೊರಗೆ ಉರಿಸುವಂತಿಲ್ಲ.
ಒಳಗೆ, ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿ, ಪರದೆ ಎಳೆದು,
ಜ್ವಾಲೆ ಅಲುಗಬಾರದೆಂದು ಫ್ಯಾನೂ ನಿಲ್ಲಿಸಿ,
ಐವರು, ಮೊಣಕೈಗೆ ಮೊಣಕೈ, ತೊಟ್ಟಿಕ್ಕುತ್ತಾ ನಿಂತೆವು.
ಸೌಟಿನಲ್ಲಿ ಬ್ರಾಂದಿ ಬಿಸಿಯಾಯಿತು.
ಕಡ್ಡಿಪೆಟ್ಟಿಗೆಯನ್ನು ಬ್ರೆಂಟನ್ನನ ಕೈಗಿಟ್ಟಳು.
ಅವನು ಅದನ್ನೇ ನೋಡುತ್ತಿದ್ದ.
ಬೇಡವೆಂದರೆ ಬೇಡ ಕಣೋ, ಅಂದಳು,
ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ಅವಳ ಅಡುಗೆಪುಸ್ತಕ ಒಂದು ಹೆಜ್ಜೆ ಹಿಂದೆ ಸರಿದಿತ್ತು.

ಗೀರಿದ.

ನೀಲಿ. ಸದ್ದಿಲ್ಲ.
ಕಪ್ಪು ಪುಡಿಂಗಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ
ತಟ್ಟೆಯ ಅಂಚು ನೆಕ್ಕಿ
ತಾನಾಗಿಯೇ ಮಲಗಿತು.

ಇದೊಂದು ನನ್ನ ಮಾತು ಕೇಳಿತು, ಅಂದ ಬ್ರೆಂಟನ್.

ಕಿಟಕಿ ತೆರೆದೆವು. ತೆಂಕಣ ಗಾಳಿ ಇನ್ನೂ ಬಂದಿರಲಿಲ್ಲ.
ಪಾತ್ರೆ ತೊಳೆಯಲು ಷೆಡ್ಡಿಗೆ ಹೋದರೆ
ನನ್ನ ಸಲಾಡಿನ ಬೋಗುಣಿ ಖಾಲಿ.
ಯಾರು ತಿಂದರೋ, ಯಾವಾಗಲೋ,
ಯಾರೂ ಏನೂ ಅನ್ನಲಿಲ್ಲ.